ಹಾರ, ಶಾಲು ಆಯ್ತು, ಲಕೋಟೆ ಎಲ್ಲಿ? ಹಾಡಿಗೆ ದುಡ್ಡು ತರುತ್ತೇವೆ ಅನ್ನುವ ಸೇವೆಗಳ ವಿಮರ್ಶೆ

ಬೆಂಗಳೂರಿನ ಸಭೆಗಳಲ್ಲಿ ಹಾಡುವವರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ಮೇಲೊಂದು ಮೈಸೂರು ಪೇಟ ಕೊಡುವುದಕ್ಕೆ ಯಾರೂ ಜಿಪುಣತನ ಮಾಡುವುದಿಲ್ಲ. ಲಕೋಟೆಯ ಮಾತು ಬಂದಾಗಲೇ ‘ಕಲೆ ಅಂದ್ರೆ ಸೇವೆ ಅಲ್ವಾ ಸಾರ್’ ಅನ್ನುವ ರಾಗ ಶುರುವಾಗುವುದು. ಅದೇ ಕಾರ್ಯಕ್ರಮದಲ್ಲಿ ಮೈಕ್‌ಸೆಟ್‌ನವರು, ಶಾಮಿಯಾನದವರು, ಅಡುಗೆಯವರು, ಹಾಲ್‌ನವರು ಬಿಲ್ ಕೊಟ್ಟು ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಅವರ ಸೇವಾ ಮನೋಭಾವವನ್ನು ಯಾರೂ ವಿಚಾರಿಸುವುದಿಲ್ಲ. ಸಂಗೀತಗಾರರು ಕಲೆಯಿಂದ ದುಡಿಯಬೇಕೋ ಬೇಡವೋ ಎಂಬ ಚರ್ಚೆಗೆ ಇಲ್ಲಿ ಕೊಡುವ ಜಾಗ ಇಷ್ಟೇ. ದುಡಿಯಬೇಕು. ನಿಜವಾದ ತೊಡಕು ಬೇರೆ ಇದೆ: ಹಾಡಿನ ದುಡ್ಡು ಚೆನ್ನಾಗಿ ಹಾಡಿದವರ ಹಿಂದೆ ಹೋಗುವುದಿಲ್ಲ, ಫಾರಂನಲ್ಲಿ ಯಾರ ಹೆಸರು ಸರಿಯಾಗಿ ಬಿದ್ದಿದೆಯೋ ಅವರ ಹಿಂದೆ ಹೋಗುತ್ತದೆ. ದುಡ್ಡು ತಂದುಕೊಡುತ್ತೇವೆ ಎನ್ನುವ ಸೇವೆಗಳನ್ನು ಇಲ್ಲಿ ಅಳೆದಿರುವುದು ಈ ಒಂದೇ ಅಳತೆಗೋಲಿನಿಂದ.

ಲೆಕ್ಕಕ್ಕೆ ಒಂದು ಹಾಡು ಇಟ್ಟುಕೊಳ್ಳೋಣ. ನಾಲ್ಕೂವರೆ ನಿಮಿಷದ ಕನ್ನಡ ಹಾಡು. ಸಾಹಿತ್ಯ ಒಬ್ಬರದು, ರಾಗಸಂಯೋಜನೆ ಇನ್ನೊಬ್ಬರದು, ಹಾಡಿದವರು ಮತ್ತೊಬ್ಬರು. ಕೊಳಲು, ಗಿಟಾರ್, ತಬಲಾದವರು ಸೆಷನ್‌ಗೆ ಬಂದು ನುಡಿಸಿ ಹೋದವರು. ಸ್ಟುಡಿಯೋ ಖರ್ಚು ತಂಡದ್ದು. ನಮ್ಮ ಕಿವಿಗೆ ಇದು ಒಂದು ಹಾಡು. 1957ರ ಕೃತಿಸ್ವಾಮ್ಯ ಕಾಯಿದೆಯ ಕಣ್ಣಿಗೆ ಇದರೊಳಗೆ ನಾಲ್ಕು ಆಸ್ತಿಗಳಿವೆ: ಸಾಹಿತ್ಯ, ಸಂಗೀತ, ರೆಕಾರ್ಡಿಂಗ್ ಅಂದರೆ ಮಾಸ್ಟರ್, ಮತ್ತು ಹಾಡಿದ-ನುಡಿಸಿದವರ ಪ್ರದರ್ಶಕ ಹಕ್ಕು. ಒಂದೊಂದಕ್ಕೂ ಬೇರೆ ಬೇರೆ ಕೌಂಟರ್. ಎಷ್ಟೋ ತಂಡಗಳು ಮಾಸ್ಟರಿನ ಕೌಂಟರ್ ಮುಂದೆ ಮಾತ್ರ ನಿಂತು, ‘ಆನ್‌ಲೈನ್‌ನಲ್ಲಿ ಏನೂ ಬರಲ್ಲ ಬಿಡಿ’ ಎಂದು ಮನೆಗೆ ಹೋಗುತ್ತವೆ. ಪಕ್ಕದ ಕೌಂಟರ್ ಇದೆಯೆಂದೇ ಅವರಿಗೆ ಯಾರೂ ಹೇಳಿರುವುದಿಲ್ಲ.

ಡಿಸ್ಟ್ರಿಬ್ಯೂಟರ್‌ಗಳು

ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್, ಅಮೆಜಾನ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್, ಇನ್‌ಸ್ಟಾಗ್ರಾಂ ಲೈಬ್ರರಿ, ಇವ್ಯಾವುದಕ್ಕೂ ಹಾಡನ್ನು ನೇರವಾಗಿ ಕೊಡಲಾಗುವುದಿಲ್ಲ. ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಡಿಸ್ಟ್ರಿಬ್ಯೂಟರ್ ಅಂದರೆ ಅಂಚೆಯಣ್ಣ. ಕಾಗದ ತಲುಪಿಸುತ್ತಾನೆ, ಓದಿಸುವುದು ಅವನ ಕೆಲಸವಲ್ಲ. ಪ್ರಚಾರ ಮಾಡಿಕೊಡುತ್ತಾರೆ ಎಂಬ ನಿರೀಕ್ಷೆ ಇಟ್ಟುಕೊಂಡು ಹೋದವರಿಗೆ ನಿರಾಸೆ ಖಚಿತ.

ಬೆಂಗಳೂರಿನವರು ಹೆಚ್ಚಾಗಿ ಹೆಸರು ಹೇಳುವವು ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ, ರೂಟ್‌ನೋಟ್. ಡಿಸ್ಟ್ರೋಕಿಡ್‌ಗೆ ವಾರ್ಷಿಕ ಚಂದಾ, ಸುಮಾರು 25 ಡಾಲರ್‌ನಿಂದ ಶುರು. ಎಷ್ಟು ಹಾಡು ಬೇಕಾದರೂ ಹಾಕಿ, ಮಾಮೂಲು ಸ್ಟ್ರೀಮಿಂಗ್ ದುಡ್ಡಿನಲ್ಲಿ ಅವರಿಗೆ ಪಾಲಿಲ್ಲ. ಸಿಡಿ ಬೇಬಿಗೆ ಒಂದು ರಿಲೀಸ್‌ಗೆ ಒಂದೇ ಸಲ ಸುಮಾರು 10 ಡಾಲರ್, ಆಮೇಲೆ ಬಂದದ್ದರಲ್ಲಿ 9% ಅವರದು. ರೂಟ್‌ನೋಟ್‌ನ ಉಚಿತ ಯೋಜನೆಯಲ್ಲಿ 15% ಅವರದು.

ಬಾಯಿಲೆಕ್ಕ ಮಾಡಿ ನೋಡಿ. ಒಂದು ಸಲ ಕೇಳಿದರೆ 10 ಪೈಸೆ ಬರುತ್ತದೆ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ಯಾವ ಕಂಪನಿಯ ದರವೂ ಅಲ್ಲ. ವಾರ್ಷಿಕ ಚಂದಾಗೆ ಡಾಲರ್ ದರ, ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಸೇರಿ ಎರಡು ಸಾವಿರ ರೂಪಾಯಿ ದಾಟುತ್ತದೆ. ಅಂದರೆ ಚಂದಾ ಹುಟ್ಟುವುದಕ್ಕೇ ವರ್ಷಕ್ಕೆ 20,000 ಸಲಕ್ಕಿಂತ ಹೆಚ್ಚು ಕೇಳಬೇಕು. ಅದೂ ಪ್ರತಿ ವರ್ಷ. ಒಂದೇ ಸಲದ ಶುಲ್ಕ ₹850 ಎಂದು ಹಿಡಿದರೆ, 9% ಕಳೆದ ಮೇಲೆ ಸುಮಾರು 9,350 ಸಲ ಕೇಳಿದರೆ ಅಸಲು ವಾಪಸ್. ಅದೂ ಒಂದೇ ಬಾರಿ. ಹಾಗಾಗಿ ವರ್ಷಕ್ಕೆ ಒಂದೆರಡು ಹಾಡು ಬಿಡುವ ಭಾವಗೀತೆಯ ತಂಡಕ್ಕೆ ಸಿಡಿ ಬೇಬಿ ಮಾದರಿ ಸರಿ. ತಿಂಗಳಿಗೊಂದು ಹಾಡು ಬಿಡುವ ರ‍್ಯಾಪ್ ಹುಡುಗರಿಗೆ ವಾರ್ಷಿಕ ಚಂದಾ ಸರಿ. ‘ಉಚಿತ’ದವರಲ್ಲಿ ನೋಡಬೇಕಾದದ್ದು ಶೇಕಡಾವಾರು ಪಾಲಲ್ಲ, ದುಡ್ಡು ಕೈಗೆ ಬರಲು ಇರುವ ಕನಿಷ್ಠ ಮೊತ್ತ. ರೂಟ್‌ನೋಟ್‌ನಲ್ಲಿ 50 ಡಾಲರ್ ಸೇರುವ ತನಕ ಏನೂ ಬರುವುದಿಲ್ಲ. ಸಣ್ಣ ತಂಡಕ್ಕೆ ಅದು ವರ್ಷಗಟ್ಟಲೆಯ ಕಾಯುವಿಕೆ.

ವಾರ್ಷಿಕ ಚಂದಾದಲ್ಲಿ ಎರಡು ಕಡೆ ಮುಗ್ಗರಿಸುವುದುಂಟು. ಮೊದಲನೆಯದು, ಚಂದಾ ನಿಂತರೆ ಹಾಡು ಕೆಳಗಿಳಿಯುತ್ತದೆ. ಡಿಸ್ಟ್ರೋಕಿಡ್‌ನಲ್ಲಿ ಶಾಶ್ವತವಾಗಿ ಉಳಿಸಬೇಕೆಂದರೆ ರಿಲೀಸ್‌ಗೆ ಇಷ್ಟೆಂದು ಪ್ರತ್ಯೇಕ ಶುಲ್ಕ ಕಟ್ಟಬೇಕು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ, ನಮ್ಮ ಕಾರ್ಡುಗಳಿಂದ ತಾನಾಗಿ ಕಡಿತವಾಗುವ ವಿದೇಶಿ ಚಂದಾಗಳು ಎಷ್ಟೋ ಸಲ ತಿರಸ್ಕೃತವಾಗುತ್ತವೆ. ಇಮೇಲ್ ಸ್ಪ್ಯಾಮ್‌ಗೆ ಹೋಗಿರುತ್ತದೆ, ಹಾಡು ಮಾಯವಾದ ಮೇಲೆ ಗೊತ್ತಾಗುತ್ತದೆ. ಗಡುವಿಗೆ ಹತ್ತು ದಿನ ಮುಂಚೆ ಕೈಯಾರೆ ಕಟ್ಟುವುದು ಕ್ಷೇಮ. ಎರಡನೆಯದು, ಡಿಸ್ಟ್ರೋಕಿಡ್‌ನ ಅತಿ ಅಗ್ಗದ ಯೋಜನೆಯಲ್ಲಿ ಬಿಡುಗಡೆಯ ದಿನವನ್ನು ನೀವು ಗೊತ್ತುಮಾಡಲಾಗುವುದಿಲ್ಲ. ಬಿಡುಗಡೆಯ ದಿನ ಮುಂದಿಲ್ಲದಿದ್ದರೆ ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಸೂಚಿಸುವ ಅವಕಾಶವೂ ಇಲ್ಲ. ಕನಿಷ್ಠ 7 ದಿನ ಮುಂಚೆ, ಒಂದು ಸಲಕ್ಕೆ ಒಂದೇ ಹಾಡನ್ನು ಸೂಚಿಸಬೇಕೆಂಬುದು ನಿಯಮ. ರಾಜ್ಯೋತ್ಸವಕ್ಕೆ ಹಾಡು ಬರಬೇಕಾದರೆ ಅಕ್ಟೋಬರ್ ಮೊದಲ ವಾರ ಅಪ್‌ಲೋಡ್ ಮುಗಿದಿರಬೇಕು. ಅಕ್ಟೋಬರ್ 30ರ ರಾತ್ರಿ ಮಿಕ್ಸಿಂಗ್ ಮಾಡುತ್ತಾ ಕೂತವರಿಗೆ ಯಾವ ಸೇವೆಯೂ ಆಗಿಬರುವುದಿಲ್ಲ.

ಫಾರಂ ಎಂಬ ತಾಳ

ಎಲ್ಲ ಡಿಸ್ಟ್ರಿಬ್ಯೂಟರ್‌ಗಳ ಫಾರಂ ಹೆಚ್ಚು ಕಡಿಮೆ ಒಂದೇ. ತಪ್ಪುವುದೂ ಅದೇ ಜಾಗಗಳಲ್ಲಿ.

ಆಡಿಯೋ: 44.1 ಕಿಲೋಹರ್ಟ್ಸ್, 16 ಅಥವಾ 24 ಬಿಟ್‌ನ ವೇವ್ ಫೈಲ್. ಎಂಪಿ3ಯನ್ನು ವೇವ್ ಮಾಡಿ ಕೊಟ್ಟರೆ ಫಾರಂ ಒಪ್ಪಿಕೊಳ್ಳುತ್ತದೆ, ಕಿವಿ ಒಪ್ಪುವುದಿಲ್ಲ. ಕಂಜಿರ, ಗೆಜ್ಜೆಯಂಥ ಮೇಲ್‌ಸ್ಥಾಯಿಯ ನಾದ ಮೊದಲು ಕೆಡುತ್ತದೆ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಧ್ವನಿಯ ಜೋರು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಸರಿದೂಗಿಸಿ ಕೇಳಿಸುತ್ತದೆ. ಆದ್ದರಿಂದ ಮಾಸ್ಟರಿಂಗ್‌ನಲ್ಲಿ ಜೋರು ಮಾಡಿ ಹಿಂಡಿದರೆ ಹಾಡು ಜೋರಾಗಿ ಕೇಳುವುದಿಲ್ಲ, ಜೀವ ಕಳೆದುಕೊಂಡು ಕೇಳುತ್ತದೆ. ಟ್ರೂ ಪೀಕ್, ಅಂದರೆ ಧ್ವನಿ ಏರುವ ತುತ್ತತುದಿ, ಮೈನಸ್ 1 ಡೆಸಿಬಲ್ ದಾಟದಂತೆ ನೋಡಿಕೊಳ್ಳಲು ಎಂಜಿನಿಯರಿಗೆ ಹೇಳಿ.

ಚಿತ್ರ: 3000 ಗುಣಿಸು 3000 ಪಿಕ್ಸೆಲ್, ಚೌಕ. ಫೋನ್ ನಂಬರ್, ಪ್ರಾಯೋಜಕರ ಲಾಂಛನ, ಯೂಟ್ಯೂಬ್ ಚಿಹ್ನೆ, ವೆಬ್ ವಿಳಾಸ ಇದ್ದರೆ ವಾಪಸ್. ನಮ್ಮಲ್ಲಿ ಪೋಸ್ಟರ್ ಮಾಡುವ ಹುಡುಗರಿಗೆ ಇದನ್ನು ಮೊದಲೇ ಹೇಳದಿದ್ದರೆ ಕೆಳಗೆ ‘ಕೃಪೆ’ ಎಂದು ಆರು ಹೆಸರು ಹಾಕಿಯೇ ಕಳಿಸುತ್ತಾರೆ.

ಕಲಾವಿದರ ಹೆಸರು: ಇಲ್ಲಿ ನಿಧಾನಿಸಿ. ‘ಲತಾ’, ‘ರಮ್ಯಾ’, ‘ಮಂಜುನಾಥ್’ ಎಂದಷ್ಟೇ ಬರೆದರೆ ಹಾಡು ಇನ್ಯಾರದೋ ಪುಟಕ್ಕೆ ಹೋಗಿ ಕೂರುತ್ತದೆ, ಕೇಳುಗರ ಲೆಕ್ಕವೂ ಅವರಿಗೆ. ಮೊದಲ ಹಾಡಿಗೆ ‘ಹೊಸ ಕಲಾವಿದ ಪುಟ’ ಆರಿಸಿ, ಎರಡನೆಯ ಹಾಡಿನಿಂದ ಅದೇ ಪುಟದ ಕೊಂಡಿ ಕೊಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ‘ಗೀತೆ’ಯ ಕೊನೆಗೆ ‘ಎಚ್’ ಇದೆಯೋ ಇಲ್ಲವೋ, ‘ಶ್ರೀ’ಗೆ ಎರಡು ‘ಇ’ಯೋ ಒಂದೋ ಎಂಬುದನ್ನು ತಂಡ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ. ಒಂದೇ ತಂಡಕ್ಕೆ ಮೂರು ಕಾಗುಣಿತವಾದರೆ ಮೂರು ಪುಟ, ಮೂರು ಲೆಕ್ಕ.

ಗೀತಸಾಹಿತಿ, ಸಂಯೋಜಕರ ಹೆಸರು: ಇಲ್ಲಿ ತಂಡದ ಹೆಸರು ಬರೆಯುವುದು ಅತಿ ದುಬಾರಿ ತಪ್ಪು. ಪ್ಯಾನ್ ಕಾರ್ಡಿನಲ್ಲಿರುವಂತೆ ವ್ಯಕ್ತಿಯ ಪೂರ್ತಿ ಹೆಸರು ಬೇಕು. ರಾಯಲ್ಟಿ ಸಂಸ್ಥೆಗಳು ಹಾಡನ್ನು ಹುಡುಕುವುದು ಈ ಹೆಸರಿನಿಂದ ಮತ್ತು ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಿಯ ಸಂಕೇತದಿಂದ. ಈ ಸಂಕೇತ ರೆಕಾರ್ಡಿಂಗಿನ ಆಧಾರ್ ನಂಬರ್ ಇದ್ದಂತೆ. ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಹಳೆಯ ಸಂಕೇತವನ್ನೇ ಕೊಡಬೇಕು. ಹೊಸದು ಪಡೆದರೆ ಅದುವರೆಗಿನ ಕೇಳುವಿಕೆಯ ಎಣಿಕೆ ಹಿಂದೆಯೇ ಉಳಿಯುತ್ತದೆ.

ಬರುವ ದುಡ್ಡು ಎಷ್ಟು?

ಸ್ಪಾಟಿಫೈ ಹಾಡಿಗಿಷ್ಟು ಎಂದು ದರ ಕಟ್ಟಿ ಕೊಡುವುದಿಲ್ಲ. ಒಂದು ದೇಶದ ಚಂದಾ, ಜಾಹೀರಾತಿನ ದುಡ್ಡನ್ನು ಒಂದು ಹುಂಡಿಗೆ ಹಾಕಿ, ಅದರಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಒಟ್ಟು ಕೇಳುವಿಕೆಯಲ್ಲಿ ಯಾರದೆಷ್ಟು ಎಂದು ನೋಡಿ ಹಂಚುತ್ತದೆ. 30 ಸೆಕೆಂಡ್ ದಾಟಿದರೆ ಮಾತ್ರ ಒಂದು ಎಣಿಕೆ. 2019ರ ಫೆಬ್ರವರಿಯಲ್ಲಿ ಅದು ಭಾರತಕ್ಕೆ ಬಂದಾಗ ತಿಂಗಳ ಚಂದಾ ₹119. ಆಗ ಅಮೆರಿಕದಲ್ಲಿ ಸುಮಾರು 10 ಡಾಲರ್. ನಮ್ಮ ಹುಂಡಿ ಚಿಕ್ಕದು, ಕೇಳುವವರು ಕೋಟಿಗಟ್ಟಲೆ. ಆದ್ದರಿಂದ ಬಸವನಗುಡಿಯಲ್ಲಿ ಕೇಳಿದ ಹಾಡಿಗಿಂತ ನ್ಯೂಜೆರ್ಸಿಯ ಕನ್ನಡ ಕೂಟದವರು ಕೇಳಿದ ಅದೇ ಹಾಡಿಗೆ ಹಲವು ಪಟ್ಟು ಹೆಚ್ಚು ಬರುತ್ತದೆ. ಕನ್ನಡ ಹಾಡಿನ ತಂಡಗಳು ಹೊರನಾಡಿನವರ ವಾಟ್ಸಾಪ್ ಗುಂಪುಗಳಿಗೆ ಕೊಂಡಿ ಕಳಿಸುವುದನ್ನು ನಾಚಿಕೆ ಪಡುವ ಕೆಲಸ ಅಂದುಕೊಳ್ಳಬೇಕಿಲ್ಲ. ಲೆಕ್ಕದ ದೃಷ್ಟಿಯಿಂದ ಅದೇ ಬುದ್ಧಿವಂತಿಕೆ.

2024ರಿಂದ ಇನ್ನೊಂದು ಕಟ್ಟಳೆ ಬಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಸ್ಪಾಟಿಫೈನಲ್ಲಿ ಮಾಸ್ಟರ್ ಬಾಬ್ತಿನ ದುಡ್ಡು ಸೊನ್ನೆ. ಹತ್ತು ಹಾಡಿನ ಆಲ್ಬಂ ಬಿಟ್ಟು ಒಂದೊಂದಕ್ಕೆ 700 ಬಂದರೆ ಒಟ್ಟು 7,000 ಆದರೂ ಕೈಗೆ ಏನಿಲ್ಲ. ಅದೇ ತಂಡ ಮೂರು ಹಾಡಿಗೆ ಶ್ರಮ ಹಾಕಿದ್ದರೆ ಮೂರೂ ದಾಟುತ್ತಿದ್ದವು. ‘ಹತ್ತು ಸಾವಿರ ಸ್ಟ್ರೀಮ್ ಕೊಡಿಸ್ತೀವಿ’ ಎನ್ನುವ ದಲ್ಲಾಳಿಗಳ ಬಲೆಗೆ ಈ ಮಿತಿ ದಾಟುವ ಆಸೆಯಲ್ಲೇ ಜನ ಬೀಳುವುದು. ಅವು ಯಂತ್ರದ ಕೇಳುವಿಕೆಗಳು. ಪತ್ತೆಯಾದರೆ ಎಣಿಕೆ ಕಳೆಯುತ್ತಾರೆ, ಡಿಸ್ಟ್ರಿಬ್ಯೂಟರಿಗೆ ದಂಡ ಬೀಳುತ್ತದೆ, ಅವರು ಹಾಡನ್ನೇ ಕಿತ್ತುಹಾಕುತ್ತಾರೆ.

ದೇಶಿ ಆ್ಯಪ್‌ಗಳ ಮೇಲೆ ಮಾತ್ರ ಭಾರ ಹಾಕುವುದೂ ಬೇಡ. ಗಾನಾ 2022ರಲ್ಲಿ ಚಂದಾದಾರರಿಗೆ ಮಾತ್ರ ಎಂದಾಯಿತು. ವಿಂಕ್ 2024ರಲ್ಲಿ ಅಂಗಡಿ ಮುಚ್ಚಿತು.

ಯೂಟ್ಯೂಬ್, ಮತ್ತು ತಂಬೂರಿಯ ಕಾಟ

ಚಾನೆಲ್‌ಗೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಆದರೆ ಜಾಹೀರಾತಿನ ಪಾಲು ಸಿಗುತ್ತದೆ. ಉದ್ದ ವಿಡಿಯೋಗೆ 55%, ಶಾರ್ಟ್ಸ್‌ಗೆ 45%. ನಾಲ್ಕೂವರೆ ನಿಮಿಷದ ಹಾಡಿನಿಂದ 4,000 ಗಂಟೆ ಆಗಬೇಕೆಂದರೆ, ಎಲ್ಲರೂ ಕೊನೆತನಕ ಕೇಳಿದರೂ 53,000 ಚಿಲ್ಲರೆ ವೀಕ್ಷಣೆ ಬೇಕು. ಒಂದೂವರೆ ಗಂಟೆಯ ಕಛೇರಿಯ ವಿಡಿಯೋ ಆ ಗಂಟೆಗಳನ್ನು ಬೇಗ ತುಂಬಿಸುತ್ತದೆ. ಗಮಕ, ಹರಿಕಥೆ, ಯಕ್ಷಗಾನದವರಿಗೆ ಈ ವಿಷಯದಲ್ಲಿ ಪಾಪ್ ತಂಡಗಳಿಗಿಂತ ಅನುಕೂಲ ಹೆಚ್ಚು.

ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಪಿನ್ ಬರುತ್ತದೆ. ಬೆಂಗಳೂರಿನ ವಿಳಾಸಗಳು ಎಡವುವುದು ಇಲ್ಲೇ. ‘3ನೇ ಮೇನ್, 7ನೇ ಕ್ರಾಸ್, 4ನೇ ಬ್ಲಾಕ್, 2ನೇ ಹಂತ, ಇಂಥ ದೇವಸ್ಥಾನದ ಹಿಂದೆ’ ಎಂದು ಒಂದೇ ಸಾಲಿಗೆ ತುರುಕಿದರೆ ಕವರಿನ ಮೇಲೆ ಅರ್ಧ ಕತ್ತರಿಸಿಹೋಗುತ್ತದೆ. ಮೊದಲ ಸಾಲಿಗೆ ಮನೆ ಸಂಖ್ಯೆ ಮತ್ತು ಮೇನ್-ಕ್ರಾಸ್, ಎರಡನೆಯದಕ್ಕೆ ಬ್ಲಾಕ್ ಮತ್ತು ಬಡಾವಣೆ; ದೇವಸ್ಥಾನ ಬಿಟ್ಟುಬಿಡಿ. ಮೊದಲ ಪಿನ್ ಕಳಿಸಿದ ನಾಲ್ಕು ತಿಂಗಳೊಳಗೆ ಅದನ್ನು ತುಂಬದಿದ್ದರೆ ಜಾಹೀರಾತು ನಿಲ್ಲುತ್ತದೆ. ಅಮೆರಿಕದ ತೆರಿಗೆಯ ಡಬ್ಲ್ಯು-8 ಬಿಇಎನ್ ಫಾರಂ ತುಂಬುವಾಗ ಭಾರತ-ಅಮೆರಿಕ ತೆರಿಗೆ ಒಪ್ಪಂದವನ್ನು ಆರಿಸಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ 15% ಕಡಿತ. ಒಪ್ಪಂದ ಆರಿಸದಿದ್ದರೆ 30%. ಫಾರಂ ತುಂಬದೇ ಬಿಟ್ಟರೆ ಇಡೀ ಜಗತ್ತಿನ ಗಳಿಕೆಯ ಮೇಲೆ 24%ವರೆಗೆ ಹಿಡಿಯಬಹುದು. ಬ್ಯಾಂಕಿಗೆ ದುಡ್ಡು ಬರುವುದು 100 ಡಾಲರ್ ಆದ ಮೇಲೆ.

ಕಂಟೆಂಟ್ ಐಡಿ ಎಂಬ ಸೇವೆಯನ್ನು ಡಿಸ್ಟ್ರಿಬ್ಯೂಟರ್‌ಗಳು ಹೆಚ್ಚುವರಿಯಾಗಿ ಮಾರುತ್ತಾರೆ: ನಿಮ್ಮ ಹಾಡನ್ನು ಬೇರೆಯವರು ವಿಡಿಯೋದಲ್ಲಿ ಬಳಸಿದರೆ ಪತ್ತೆ ಮಾಡಿ ಆ ಜಾಹೀರಾತಿನ ದುಡ್ಡು ತರುವುದು. ಡಿಸ್ಟ್ರೋಕಿಡ್‌ನಲ್ಲಿ ಇದಕ್ಕೆ ಹಾಡಿಗಿಷ್ಟೆಂದು ವಾರ್ಷಿಕ ಶುಲ್ಕ, ಜೊತೆಗೆ ಬಂದದ್ದರಲ್ಲಿ 20%. ಮದುವೆ ವಿಡಿಯೋಗಳಲ್ಲಿ, ರೀಲ್ಸ್‌ನಲ್ಲಿ ಓಡುವ ಹಾಡಿಗೆ ಇದು ಲಾಭ. ಶಾಸ್ತ್ರೀಯ ಸಂಗೀತದವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಕಾರಣ ತಂಬೂರಿ. ಒಂದೇ ತಂಬೂರಿ ಆ್ಯಪ್‌ನ ಶ್ರುತಿಯನ್ನು ಸಾವಿರಾರು ಜನ ಬಳಸುತ್ತಾರೆ. ಆರಂಭದ ಇಪ್ಪತ್ತು ಸೆಕೆಂಡ್ ಬರೀ ಆ ಶ್ರುತಿಯೇ ಇರುವ ರೆಕಾರ್ಡಿಂಗನ್ನು ಯಾರಾದರೂ ಕಂಟೆಂಟ್ ಐಡಿಗೆ ಹಾಕಿದರೆ, ಅದೇ ಆ್ಯಪ್ ಬಳಸಿದ ಬೇರೆಯವರ ಕಛೇರಿಗಳ ಮೇಲೆಲ್ಲ ಹಕ್ಕಿನ ಕ್ಲೇಮ್ ಬೀಳುತ್ತದೆ. ಲೂಪ್ ಪ್ಯಾಕ್‌ನ ಡೋಲು, ಖರೀದಿಸಿದ ಬೀಟ್ ಇದ್ದರೂ ಇದೇ ಗತಿ. ನಿಮಗೊಬ್ಬರಿಗೇ ಸೇರಿದ ಧ್ವನಿ ಅಲ್ಲದಿದ್ದರೆ ಕಂಟೆಂಟ್ ಐಡಿಗೆ ಕೊಡುವಂತೆಯೇ ಇಲ್ಲ. ನಿಮ್ಮ ಮೇಲೆ ಇಂಥ ಕ್ಲೇಮ್ ಬಿದ್ದರೆ ಐದು ದಿನದೊಳಗೆ ತಕರಾರು ಹಾಕಿ. ಆಗ ಮೊದಲ ದಿನದಿಂದಲೇ ಆ ವಿಡಿಯೋದ ದುಡ್ಡನ್ನು ಯೂಟ್ಯೂಬ್ ಪ್ರತ್ಯೇಕ ತೆಗೆದಿಡುತ್ತದೆ. ಉತ್ತರ ಕೊಡಲು ಎದುರಿನವರಿಗೆ 30 ದಿನ ಇದೆ. ಅವರು ಒಪ್ಪದಿದ್ದರೆ ಮೇಲ್ಮನವಿ, ಅದಕ್ಕೆ ಅವರು 7 ದಿನದಲ್ಲಿ ಉತ್ತರಿಸಬೇಕು. ತಕರಾರಿನಲ್ಲಿ ‘ಇದು ನನ್ನ ಹಾಡು’ ಎಂದು ಸಿಟ್ಟಿನಿಂದ ಬರೆದರೆ ಸಾಲದು. ‘ಕೃತಿ ಸಾಂಪ್ರದಾಯಿಕ, ರೆಕಾರ್ಡಿಂಗ್ ನಮ್ಮದು, ಇಂಥ ದಿನ ಇಂಥಲ್ಲಿ ಮಾಡಿದ್ದು, 0:00ರಿಂದ 0:20ರವರೆಗೆ ಇರುವುದು ಶ್ರುತಿ ಮಾತ್ರ’ ಎಂದು ಬರೆಯಬೇಕು.

ಐಪಿಆರ್‌ಎಸ್: ಎಲ್ಲರೂ ಮರೆಯುವ ಕೌಂಟರ್

ಈ ಸಾಲಿನಲ್ಲಿ ಹೆಚ್ಚು ಅಂಕ ಇದಕ್ಕೆ. ಸುಲಭವಾಗಿದೆ ಎಂದಲ್ಲ, ಇದನ್ನು ಬಿಟ್ಟರೆ ಆ ದುಡ್ಡಿಗೆ ಬೇರೆ ದಾರಿ ಇಲ್ಲ. ಐಪಿಆರ್‌ಎಸ್ ಅಂದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. 1969ರಲ್ಲಿ ಹುಟ್ಟಿದ್ದು, 2017ರಲ್ಲಿ ಕೃತಿಸ್ವಾಮ್ಯ ಕಾಯಿದೆಯ 33ನೇ ಸೆಕ್ಷನ್ ಅಡಿ ಮತ್ತೆ ನೋಂದಣಿಯಾಯಿತು. ಸಾಹಿತ್ಯ ಬರೆದವರು, ಸಂಯೋಜಿಸಿದವರು, ಪ್ರಕಾಶಕರು ಇದರ ಸದಸ್ಯರು. ರೇಡಿಯೋ, ಟಿವಿ, ಹೋಟೆಲ್, ಮಾಲ್, ಲೈವ್ ಕಾರ್ಯಕ್ರಮ, ಸ್ಟ್ರೀಮಿಂಗ್‌ಗಳಿಂದ ಶುಲ್ಕ ವಸೂಲಿ ಮಾಡಿ ಹಂಚುತ್ತದೆ.

ಡಿಸ್ಟ್ರಿಬ್ಯೂಟರ್ ತರುವುದು ಮಾಸ್ಟರಿನ ದುಡ್ಡು ಮಾತ್ರ. ಅದೇ ಸ್ಟ್ರೀಮಿಂಗ್‌ನಲ್ಲಿ ಸಾಹಿತ್ಯ-ಸಂಗೀತದ ಪಾಲು ಬೇರೆ ಇದೆ, ಅದು ಈ ದಾರಿಯಲ್ಲಿ ಬರುತ್ತದೆ. ನಮ್ಮ ಲೆಕ್ಕದ ಹಾಡಿನಲ್ಲಿ ಗೀತಸಾಹಿತಿ, ಸಂಯೋಜಕ ಇಬ್ಬರೂ ಬೇರೆ ಬೇರೆಯಾಗಿ ಸದಸ್ಯರಾಗಬೇಕು. ಒಬ್ಬರಾಗಿ ಇನ್ನೊಬ್ಬರು ಆಗದಿದ್ದರೆ ಆಗದವರ ಪಾಲು ಅವರಿಗೆ ತಲುಪುವುದಿಲ್ಲ. ಬಿಡುಗಡೆಯಾದ ಒಂದು ಹಾಡಾದರೂ ಇರಬೇಕು. ಪ್ಯಾನ್, ವಿಳಾಸದ ದಾಖಲೆ, ರದ್ದು ಮಾಡಿದ ಚೆಕ್ಕು, ಫೋಟೋ ಜೋಡಿಸಿ ಆನ್‌ಲೈನ್ ಅರ್ಜಿ ಹಾಕಬೇಕು. ಕಾವ್ಯನಾಮ ಇದ್ದರೆ ಅದಕ್ಕೆ ಪ್ರತ್ಯೇಕ ಜಾಗವಿದೆ, ತಪ್ಪದೆ ತುಂಬಿ. ಕನ್ನಡದ ಗೀತಸಾಹಿತಿಗಳಲ್ಲಿ ಮನೆ ಹೆಸರಿಗೂ ಕ್ಯಾಸೆಟ್ ಕವರಿನ ಹೆಸರಿಗೂ ಸಂಬಂಧವೇ ಇರುವುದಿಲ್ಲ.

ಸದಸ್ಯರಾದರೆ ಅರ್ಧ ಕೆಲಸ. ಪ್ರತಿ ಹಾಡನ್ನೂ ಶೀರ್ಷಿಕೆ, ಪರ್ಯಾಯ ಶೀರ್ಷಿಕೆ, ಅವಧಿ, ಐಎಸ್‌ಆರ್‌ಸಿ, ಪಾಲು ಸಮೇತ ನೋಂದಾಯಿಸಬೇಕು. ಪರ್ಯಾಯ ಶೀರ್ಷಿಕೆಯಲ್ಲಿ ಪಲ್ಲವಿಯ ಮೊದಲ ಸಾಲು ಹಾಕಿ, ಏಕೆಂದರೆ ಆಕಾಶವಾಣಿಯಿಂದ ಆರ್ಕೆಸ್ಟ್ರಾದವರೆಗೆ ಎಲ್ಲರೂ ಹಾಡನ್ನು ಕರೆಯುವುದು ಮೊದಲ ಸಾಲಿನಿಂದ, ಆಲ್ಬಂನ ಕಾವ್ಯಾತ್ಮಕ ಹೆಸರಿನಿಂದ ಅಲ್ಲ. ಪಾಲನ್ನು ರೆಕಾರ್ಡಿಂಗ್ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಹಾಡು ಓಡಿದ ಮೇಲೆ ‘ಆ ಚರಣದ ಎರಡು ಸಾಲು ನಂದೇ’ ಎನ್ನುವವರು ಸ್ಟುಡಿಯೋದ ಕಾಫಿ ಹುಡುಗನವರೆಗೂ ಹುಟ್ಟುತ್ತಾರೆ.

ಲೈವ್ ಕಾರ್ಯಕ್ರಮದಲ್ಲಿ ಐಪಿಆರ್‌ಎಸ್ ಪರವಾನಗಿ ಪಡೆಯಬೇಕಾದವರು ಸಂಘಟಕರು. ‘ನಮ್ಮ ಹಾಡು ನಾವೇ ಹಾಡ್ತೀವಿ, ಲೈಸೆನ್ಸ್ ಯಾಕೆ’ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಸದಸ್ಯರಾದಾಗ ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಸಂಸ್ಥೆಗೆ ಬರೆದುಕೊಟ್ಟಿರುತ್ತೀರಿ, ಅದಕ್ಕೇ. ಹಾಡಿದ ಹಾಡುಗಳ ಪಟ್ಟಿ ಸಂಸ್ಥೆಗೆ ಹೋದರೆ ಮಾತ್ರ ಆ ದುಡ್ಡು ನಿಮ್ಮ ಹೆಸರಿಗೆ ತಿರುಗುತ್ತದೆ. ಪಟ್ಟಿ ಸಂಘಟಕರು ಕಳಿಸುತ್ತಾರೆ ಎಂದು ಕೂರಬೇಡಿ, ವೇದಿಕೆ ಇಳಿದ ಕೂಡಲೇ ಫೋನಿನಲ್ಲಿ ಟೈಪ್ ಮಾಡಿ ಸಂಘಟಕರಿಗೆ ನೀವೇ ಕಳಿಸಿ.

ಬರೀ ಹಾಡುವವರಿಗೆ ಐಪಿಆರ್‌ಎಸ್‌ನಿಂದ ಏನೂ ಇಲ್ಲ. ಅವರ ಪ್ರದರ್ಶಕ ಹಕ್ಕಿಗೆ ಇಸಾಮ್ರಾ ಎಂಬ ಬೇರೆ ಸಂಸ್ಥೆಯಿದೆ. 2013ರಲ್ಲಿ ಗಾಯಕರಿಗಾಗಿ ನೋಂದಣಿಯಾದದ್ದು, ಆಮೇಲೆ ವಾದ್ಯದವರನ್ನೂ ಸೇರಿಸಿಕೊಂಡಿತು.

ಸತ್ತ ಕವಿ, ಬದುಕಿರುವ ಹಕ್ಕು

ಭಾವಗೀತೆಯ ಊರಿನಲ್ಲಿ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ 1981ರಲ್ಲಿ ತೀರಿಕೊಂಡರು. ಅವರ ಕವಿತೆಗಳು 2041ರ ಕೊನೆಯವರೆಗೆ ಹಕ್ಕಿನೊಳಗೆ. ಡಿವಿಜಿ 2035, ಅಡಿಗರು 2052, ಕುವೆಂಪು 2054, ಕೆಎಸ್‌ನ 2063. ‘ನಾಡಿನ ಆಸ್ತಿ’ ಎಂದು ಭಾಷಣ ಮಾಡುವುದು ಬೇರೆ, ಬಿಡುಗಡೆ ಮಾಡಿ ದುಡ್ಡು ಪಡೆಯುವುದು ಬೇರೆ. ಎರಡನೆಯದಕ್ಕೆ ವಾರಸುದಾರರ ಇಲ್ಲವೇ ಹಕ್ಕು ಪಡೆದವರ ಲಿಖಿತ ಅನುಮತಿ ಬೇಕು. ಬಿಎಂಶ್ರೀ 1946ರಲ್ಲಿ ತೀರಿಕೊಂಡವರು, ಅವರ ಸಾಹಿತ್ಯ ಮುಕ್ತ. ವಚನ, ದಾಸರ ಪದ ಮುಕ್ತ.

ಆದರೆ ಸಾಹಿತ್ಯ ಮುಕ್ತವಾದರೆ ಹಾಡು ಮುಕ್ತವಲ್ಲ. ಶಿಶುನಾಳ ಷರೀಫರು 1889ರಲ್ಲೇ ಹೋದರು, ಪದ ಯಾರು ಬೇಕಾದರೂ ಹಾಡಬಹುದು. ಅದಕ್ಕೆ ಸಿ. ಅಶ್ವತ್ಥ್ ಹಾಕಿದ ಮಟ್ಟನ್ನು ಎತ್ತಿಕೊಂಡಿರೋ, ಅವರು 2009ರಲ್ಲಿ ತೀರಿಕೊಂಡವರು, ಆ ಮಟ್ಟಿನ ಹಕ್ಕು 2069ರವರೆಗೆ ಇದೆ. ಊರಿನ ಭಜನಾ ಮಂಡಳಿಯಲ್ಲಿ ಕಲಿತ ಮಟ್ಟು ‘ಸಾಂಪ್ರದಾಯಿಕ’ ಎಂದುಕೊಂಡು ಫಾರಂನಲ್ಲಿ ಹಾಗೇ ತುಂಬಿ, ಅದು ಕ್ಯಾಸೆಟ್ ಕಾಲದಲ್ಲಿ ಯಾರೋ ಸಂಯೋಜಿಸಿದ್ದೆಂದು ಆಮೇಲೆ ತಿಳಿಯುವುದು ಮಾಮೂಲು. ಅನುಮಾನವಿದ್ದರೆ ಹೊಸ ಮಟ್ಟು ಹಾಕಿ. ಷರೀಫರು ಬೇಡವೆನ್ನುವುದಿಲ್ಲ.

ಆಡಿಯೋ ಕಂಪನಿಯ ಒಂದೇ ಗಂಟು

ಕೆಲವರಿಗೆ ಇಷ್ಟೆಲ್ಲ ಓಡಾಟ ಬೇಡ. ಆಡಿಯೋ ಕಂಪನಿಗೆ ಮಾಸ್ಟರ್ ಕೊಟ್ಟು ಒಂದೇ ಗಂಟು ಪಡೆದು ಸುಮ್ಮನಾಗುತ್ತಾರೆ. ತಪ್ಪೇನಿಲ್ಲ, ಸ್ಟುಡಿಯೋ ಸಾಲ ತೀರುವ ಹಾಗಿದ್ದರೆ ಒಳ್ಳೆಯದೇ. ಒಪ್ಪಂದದಲ್ಲಿ ಮಾತ್ರ ಅವಧಿ, ಪ್ರದೇಶ, ಮಾಧ್ಯಮ ಎಂಬ ಮೂರು ಪದಗಳನ್ನು ಬೆರಳಿಟ್ಟು ಹುಡುಕಿ. ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ. ‘ಶಾಶ್ವತ, ವಿಶ್ವದಾದ್ಯಂತ’ ಎಂದು ಬರೆದಿದ್ದರೆ ಬರೆದಂತೆಯೇ. 2012ರ ತಿದ್ದುಪಡಿ ಬಂದ ಮೇಲೆ, ಗೀತಸಾಹಿತಿ ಮತ್ತು ಸಂಯೋಜಕರು ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನು ವಾರಸುದಾರರಿಗೆ ಅಥವಾ ಹಂಚಿಕೆಗಾಗಿ ಹಕ್ಕು ಸಂಸ್ಥೆಗೆ ಬಿಟ್ಟು ಬೇರೆ ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಟ್ಟೆ ಎಂದು ಸಹಿ ಹಾಕಿಸಿಕೊಂಡರೂ ಆ ಸಾಲು ಊರ್ಜಿತವಲ್ಲ. ಸಹಿ ಹಾಕಿ ಹತ್ತು ವರ್ಷ ಆದವರೂ ಐಪಿಆರ್‌ಎಸ್ ಬಾಗಿಲು ತಟ್ಟಬಹುದು.

ಬ್ಯಾಂಡ್‌ಕ್ಯಾಂಪ್ ಬಗ್ಗೆ ಎರಡೇ ಮಾತು. ಕೇಳುಗರಿಗೆ ಹಾಡನ್ನು ನೇರವಾಗಿ ಮಾರುವ ತಾಣ ಅದು. ಡಿಜಿಟಲ್ ಮಾರಾಟದಲ್ಲಿ 15% ಅವರದು, ಉಳಿದದ್ದು ಪೇಪಾಲ್ ಮೂಲಕ ನಿಮ್ಮದು. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ವಹಿವಾಟು ನಿಲ್ಲಿಸಿರುವುದರಿಂದ ಮಲ್ಲೇಶ್ವರದ ಅಭಿಮಾನಿಗೆ ಕೊಳ್ಳುವುದು ತ್ರಾಸ, ಬರ್ಲಿನ್‌ನವನಿಗೆ ಸಲೀಸು.

ವೇದಿಕೆಯ ದುಡ್ಡು

ಏನೇ ಸೇವೆ ಬಂದರೂ ಬೆಂಗಳೂರಿನ ಸಂಗೀತಗಾರರ ಬಾಡಿಗೆ ಕಟ್ಟುವುದು ವೇದಿಕೆ. ಪಬ್‌ಗಳಲ್ಲಿ ನುಡಿಸುವವರು ಮೊದಲು ಕೇಳಬೇಕಾದದ್ದು ಪೇಮೆಂಟ್ ಅಲ್ಲ, ಪರವಾನಗಿ. ನಗರದ ಮನರಂಜನಾ ಸ್ಥಳಗಳ 2005ರ ಪರವಾನಗಿ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ಇಂದಿರಾನಗರ, ಕೋರಮಂಗಲದಲ್ಲಿ ಎಷ್ಟೋ ಕಡೆ ಲೈವ್ ಬ್ಯಾಂಡ್ ನಿಂತುಹೋಯಿತು. ಪರವಾನಗಿ ಇಲ್ಲದ ಜಾಗದಲ್ಲಿ ಸೌಂಡ್‌ಚೆಕ್ ಮುಗಿದ ಮೇಲೂ ಕಾರ್ಯಕ್ರಮ ರದ್ದಾಗಬಹುದು. ‘ರದ್ದಾದರೂ ಅರ್ಧ ಸಂಭಾವನೆ’ ಎಂಬ ಒಂದು ಸಾಲು ವಾಟ್ಸಾಪ್‌ನಲ್ಲಾದರೂ ಬರೆಸಿಕೊಂಡಿರಬೇಕು.

ತೆರಿಗೆಯಲ್ಲಿ ನಮ್ಮವರಿಗೆ ಗೊತ್ತಿಲ್ಲದ ಒಂದು ರಿಯಾಯಿತಿ ಇದೆ: ಜಾನಪದ ಅಥವಾ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮಕ್ಕೆ ಸಂಭಾವನೆ ₹1.5 ಲಕ್ಷ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಸಿನಿಮಾ ಹಾಡಿನ ಆರ್ಕೆಸ್ಟ್ರಾಗೆ ಇದು ಅನ್ವಯಿಸದು, ಆದರೆ ಸೇವೆಗಳಿಂದ ವರ್ಷಕ್ಕೆ ₹20 ಲಕ್ಷದೊಳಗೆ ಗಳಿಸುವವರಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ಕಂಪನಿಗಳು ಸಂಭಾವನೆಯಿಂದ 10% ಟಿಡಿಎಸ್ ಹಿಡಿದರೆ ಅದು ಕಳೆದುಹೋದ ದುಡ್ಡಲ್ಲ. ಜೂನ್ ನಂತರ ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ತೆಗೆದು ನೋಡಿ, ರಿಟರ್ನ್ ಸಲ್ಲಿಸಿ, ವಾಪಸ್ ಪಡೆಯಿರಿ.

ಇನ್ನು ಗಣೇಶನ ಹಬ್ಬ. ಬಡಾವಣೆಯ ಸಮಿತಿಗಳು ಸೆಪ್ಟೆಂಬರ್ ಇಡೀ ತಂಡಗಳನ್ನು ಎಳೆದಾಡುವ ಕಾಲ. ಅರ್ಧ ಮುಂಗಡ ದಿನಾಂಕ ಒಪ್ಪಿಕೊಳ್ಳುವಾಗಲೇ, ಮಿಕ್ಕರ್ಧ ವೇದಿಕೆ ಹತ್ತುವ ಮುನ್ನ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ಇರುವುದರಿಂದ 7ಕ್ಕೆ ಎಂದು ಕರೆದು, ಭಾಷಣ-ಸನ್ಮಾನ ಮುಗಿಸಿ 9:20ಕ್ಕೆ ವೇದಿಕೆ ಕೊಟ್ಟರೂ ಪೂರ್ತಿ ಸಂಭಾವನೆ ಎಂದು ಮೊದಲೇ ಹೇಳಿಡಿ. ಬಾಕಿಯನ್ನು ‘ವಿಸರ್ಜನೆ ಆದ್ಮೇಲೆ ನೋಡೋಣ’ ಎಂದರೆ ಒಪ್ಪಬೇಡಿ. ಗಣೇಶನ ಜೊತೆಗೆ ಸಮಿತಿಯ ರಸೀದಿ ಪುಸ್ತಕವೂ ಸ್ಯಾಂಕಿ ಕೆರೆಯಲ್ಲಿ ಮುಳುಗಿರುತ್ತದೆ.